ಹಳೇ ಫೋನ್ ರೂಟ್ ಮಾಡಿದರೆ ಯುಪಿಐ ಕೈಕೊಡುತ್ತಾ?

ಹಳೇಫೋನು:
ನನ್ನ ಹತ್ತಿರ 2019ರ ಒಂದು ಆಂಡ್ರಾಯ್ಡ್ ಫೋನಿದೆ. ಬ್ಯಾಟರಿ ಹೊಸದು, ಪರದೆ ಚೆನ್ನಾಗಿದೆ, ಬಿಸಾಡಲು ಮನಸ್ಸಿಲ್ಲ. ಆದರೆ ಕಂಪನಿ ಅಪ್‌ಡೇಟ್ ಕೊಡೋದನ್ನು ನಿಲ್ಲಿಸಿ ಕಾಲವಾಯಿತು. ಸೆಕ್ಯುರಿಟಿ ಪ್ಯಾಚ್ ಇನ್ನೂ 2021ರಲ್ಲೇ ನಿಂತಿದೆ. ಅಳಿಸಲು ಬಾರದ ಆ್ಯಪ್‌ಗಳು ಬೇರೆ. ಗ್ಯಾಲರಿ ತೆರೆದರೂ ಜಾಹೀರಾತು. ಬೂಟ್‌ಲೋಡರ್ ಅನ್‌ಲಾಕ್ ಮಾಡಿ (ಬೇರೆ ಸಾಫ್ಟ್‌ವೇರ್ ಹಾಕಲು ಬಿಡದ ಕಂಪನಿಯ ಬೀಗ ತೆಗೆದು), ಕಂಪನಿಯ ಆಂಡ್ರಾಯ್ಡ್ ಬದಲು ಲೀನೇಜ್ ಓಎಸ್ ಅನ್ನೋ ಉಚಿತ ಆಂಡ್ರಾಯ್ಡ್ ಹಾಕಿ, ಮ್ಯಾಜಿಸ್ಕ್ ಅನ್ನೋ ಸಾಧನದಿಂದ ರೂಟ್ ಮಾಡೋಣ, ಅಂದರೆ ಫೋನಿನ ಪೂರ್ತಿ ಹಿಡಿತ ಕೈಗೆ ತಗೊಳ್ಳೋಣ ಅಂತಿದ್ದೇನೆ. ಆದರೆ ಹಾಲು, ಆಟೊ, ಬಸ್ಸು, ಕರೆಂಟ್ ಬಿಲ್ಲು ಎಲ್ಲವೂ ಈ ಫೋನಿನ ಯುಪಿಐನಿಂದಲೇ ನಡೆಯುತ್ತಿದೆ. ಅದು ನಿಂತರೆ ಕಷ್ಟ. ಮಾಡಿ ನೋಡಿದವರು ಹೇಳಿ.

335ಇ:
ಇರೋದು ಒಂದೇ ಫೋನಾದರೆ ಬೇಡ, ರೂಟ್ ಕಂಡರೆ ಪಾವತಿ ಆ್ಯಪ್ ತೆರೆಯದೇ ಇರಬಹುದು. ಬಸ್ಸಿನಲ್ಲಿ ಕಂಡಕ್ಟರ್ ಕ್ಯೂಆರ್ ಹಿಡಿದು ನಿಂತಿರುವಾಗ ಆ್ಯಪ್ ತೆರೆಯದಿದ್ದರೆ ಏನು ಮಾಡುತ್ತೀರಿ? ಮೊದಲೆಲ್ಲ ಚಿಲ್ಲರೆಗೆ ಜಗಳ ಆಗುತ್ತಿತ್ತು. ಈಗ ಕ್ಯಾಶ್ ಇಟ್ಟುಕೊಂಡು ಓಡಾಡುವ ಅಭ್ಯಾಸವೇ ಹೋಗಿದೆ.

ಕರ್ನಲ್‌ಪ್ಯಾನಿಕ್:
ಇಷ್ಟು ಹೆದರಬೇಕಾಗಿಲ್ಲ. ಮ್ಯಾಜಿಸ್ಕ್‌ನಲ್ಲಿ ಝೈಗಿಸ್ಕ್ ಅನ್ನೋ ಆಯ್ಕೆ ಆನ್ ಮಾಡಿ, ಬ್ಯಾಂಕ್ ಆ್ಯಪ್‌ಗಳನ್ನು ಡಿನೈ ಲಿಸ್ಟ್‌ಗೆ (ರೂಟ್ ತೋರಿಸಬಾರದ ಆ್ಯಪ್‌ಗಳ ಪಟ್ಟಿಗೆ) ಸೇರಿಸಿ, ಒಂದೆರಡು ಮಾಡ್ಯೂಲ್ (ಮ್ಯಾಜಿಸ್ಕ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿದರೆ ಹೆಚ್ಚಿನ ಆ್ಯಪ್‌ಗಳಿಗೆ ರೂಟ್ ಕಾಣೋದೇ ಇಲ್ಲ.

ಇನ್ನೊಂದು ಮಾತು. ರೂಟ್ ಅಂದ ಕೂಡಲೇ ಕಳ್ಳರ ಕೆಲಸ ಅನ್ನೋ ಹಾಗೆ ಮಾತಾಡುವವರು ಹಳೇ ಕಾಲ ನೋಡಿಲ್ಲ. ಆಂಡ್ರಾಯ್ಡ್ 2.3ರ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕ ಡಬ್ಬಿ ಕಾಣುತ್ತಿತ್ತು. ಫೋನ್ ರೂಟ್ ಮಾಡಿ, ಸಿಸ್ಟಮ್ ಫೋಲ್ಡರಿಗೆ ಫಾಂಟ್ ತುರುಕಿದರೆ ಮಾತ್ರ ಅಕ್ಷರ ಕಾಣುತ್ತಿತ್ತು. ಆಗಲೂ ಒತ್ತಕ್ಷರ ನೆಟ್ಟಗೆ ಕೂರುತ್ತಿರಲಿಲ್ಲ ಅನ್ನೋದು ಬೇರೆ ಮಾತು. 2012ರಲ್ಲಿ 4.1 ಬಂದ ಮೇಲೆ ಗೂಗಲ್ಲೇ ಕನ್ನಡ ಸೇರಿಸಿತು. ಅಲ್ಲಿಯವರೆಗೆ ನಮ್ಮ ಭಾಷೆಯನ್ನು ನಮ್ಮ ಫೋನಿನಲ್ಲಿ ಓದಲು ರೂಟೇ ದಾರಿಯಾಗಿತ್ತು. ದುಡ್ಡು ಕೊಟ್ಟು ತಂದ ಫೋನು. ಅದರೊಳಗೆ ಏನಿರಬೇಕು ಅಂತ ಹೇಳುವವನು ನಾನಾ, ಕಂಪನಿಯಾ?

ಗೇಟ್‌ಕೀಪರ್:
ನಾನು ಪಾವತಿ ಆ್ಯಪ್‌ಗಳ ಸೆಕ್ಯುರಿಟಿ ಕೆಲಸದಲ್ಲಿದ್ದೇನೆ, ಯಾವ ಕಂಪನಿ ಅಂತ ಕೇಳಬೇಡಿ. ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಇಲ್ಲಿ ರೂಟ್ ಬೇರೆ, ಬೂಟ್‌ಲೋಡರ್ ಅನ್‌ಲಾಕ್ ಬೇರೆ. ನೀವು ರೂಟ್ ಮಾಡದೆ ಬರೀ ಲೀನೇಜ್ ಹಾಕಿದರೂ ತೊಂದರೆ ಬರಬಹುದು. ಆ್ಯಪ್ ರೂಟ್‌ನ ಗುರುತನ್ನು ತಾನೇ ಹುಡುಕುವುದರ ಜೊತೆಗೆ, ಈ ಫೋನನ್ನು ನಂಬಬಹುದಾ ಅಂತ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಅನ್ನೋ ಪರೀಕ್ಷೆಯನ್ನು ಕೇಳುತ್ತದೆ. ಮೊದಲು ಇದ್ದ ಸೇಫ್ಟಿನೆಟ್‌ನ ಜಾಗಕ್ಕೆ ಬಂದಿದ್ದು ಇದು. ಉತ್ತರ ಮೂರು ಹಂತದಲ್ಲಿ ಬರುತ್ತದೆ: ಬೇಸಿಕ್, ಡಿವೈಸ್, ಸ್ಟ್ರಾಂಗ್. ಯಾವ ಹಂತ ಸಾಕು ಅಂತ ಆ್ಯಪಿನವರು ತೀರ್ಮಾನಿಸುತ್ತಾರೆ. ಅದಕ್ಕೇ ಒಂದೇ ಫೋನಿನಲ್ಲಿ ಒಂದು ಯುಪಿಐ ಆ್ಯಪ್ ನಡೆಯುತ್ತದೆ, ಇನ್ನೊಂದು ಬಾಗಿಲು ಹಾಕುತ್ತದೆ.

ಮುಚ್ಚಿಡುವ ಆಟ ಮೊದಲಿನಷ್ಟು ಸುಲಭ ಇಲ್ಲ. ಮ್ಯಾಜಿಸ್ಕ್ ಬಂದಿದ್ದು 2016ರಲ್ಲಿ. ಅದನ್ನು ಬರೆದ ಜಾನ್ ವೂ 2021ರಲ್ಲಿ ಗೂಗಲ್‌ನ ಆಂಡ್ರಾಯ್ಡ್ ಸೆಕ್ಯುರಿಟಿ ತಂಡ ಸೇರಿದರು. ರೂಟ್ ಮುಚ್ಚಿಡುತ್ತಿದ್ದ ಮ್ಯಾಜಿಸ್ಕ್‌ಹೈಡ್ ಅನ್ನೋ ಭಾಗ ಅಷ್ಟಕ್ಕೇ ನಿಂತುಹೋಯಿತು. ಈಗಿನ ಫೋನುಗಳಲ್ಲಿ ಬೂಟ್‌ಲೋಡರ್ ತೆರೆದಿದೆಯಾ ಅಂತ ಚಿಪ್ಪಿನೊಳಗಿನ ಕೀಲಿಯೇ ಸಹಿ ಹಾಕಿ ಹೇಳುತ್ತದೆ. ಅದನ್ನು ಮೋಸ ಮಾಡಬೇಕಾದರೆ ಬೇರೆ ಫೋನಿನಿಂದ ಸೋರಿಹೋದ ಕೀಬಾಕ್ಸ್, ಅಂದರೆ ಅಂಥ ಕೀಲಿಗಳ ಫೈಲ್ ಬೇಕು. ಅದು ಗೂಗಲ್ ಕಣ್ಣಿಗೆ ಬಿದ್ದರೆ ರದ್ದು. ನಿಮ್ಮ ಯುಪಿಐ ರಾತ್ರಿ ಇರುತ್ತದೆ, ಬೆಳಗ್ಗೆ ಇರೋದಿಲ್ಲ.

ಕರ್ನಲ್‌ಪ್ಯಾನಿಕ್:
ಅದೆಲ್ಲ ಗೊತ್ತಿದೆ. ಆದರೆ ಇದರಲ್ಲಿ ಸುರಕ್ಷತೆ ಎಲ್ಲಿದೆ ಹೇಳಿ. ಕೇಳಿದವರ ಫೋನು ಈಗಿನ ಸ್ಥಿತಿಯಲ್ಲಿ 2021ರ ಪ್ಯಾಚ್ ಇಟ್ಟುಕೊಂಡಿದೆ. ಅದಾದ ಮೇಲೆ ಸಿಕ್ಕ ತೂತುಗಳೆಲ್ಲ ಹಾಗೇ ತೆರೆದಿವೆ. ಅದು ಪರೀಕ್ಷೆಯಲ್ಲಿ ಪಾಸು. ಅದೇ ಫೋನಿಗೆ ಹೊಸ ಪ್ಯಾಚ್ ಇರುವ ಲೀನೇಜ್ ಹಾಕಿದರೆ ನಪಾಸು! ಇದು ಫೋನ್ ಎಷ್ಟು ಗಟ್ಟಿ ಅಂತ ನೋಡುವ ಪರೀಕ್ಷೆ ಅಲ್ಲ. ಕಂಪನಿಯ ಮೊಹರು ಇದೆಯಾ ಅಂತ ನೋಡುವ ಪರೀಕ್ಷೆ.

ಗೇಟ್‌ಕೀಪರ್:
ಈ ವಾದದಲ್ಲಿ ಹುರುಳಿದೆ. ಅದಕ್ಕೇ 2025ರ ಮೇನಲ್ಲಿ ಗೂಗಲ್‌ನ ನಿಯಮ ಬಿಗಿಯಾಯಿತು. ಆಂಡ್ರಾಯ್ಡ್ 13 ಮತ್ತು ಅದರ ಮೇಲಿನ ಫೋನುಗಳಿಗೆ ಸ್ಟ್ರಾಂಗ್ ಹಂತ ಸಿಗಬೇಕಾದರೆ ಹಿಂದಿನ ಒಂದು ವರ್ಷದೊಳಗಿನ ಪ್ಯಾಚ್ ಇರಬೇಕು.

ಕರ್ನಲ್‌ಪ್ಯಾನಿಕ್:
13ರ ಕೆಳಗಿನ ಹಳೇ ಫೋನುಗಳಿಗೆ ಆ ಷರತ್ತೂ ಇಲ್ಲ, ಅಲ್ವಾ? ಅಂದರೆ ಎಲ್ಲಿ ತೂತು ಜಾಸ್ತಿಯೋ ಅಲ್ಲೇ ವಿನಾಯಿತಿ.

ತುಂಗಾತೀರ:
ಇಬ್ಬರೂ ಚಿಪ್ಪು, ಕೀಲಿ ಅಂತ ಹೊಡೆದಾಡುತ್ತಿದ್ದೀರಿ. ನಮ್ಮ ಜನ ದುಡ್ಡು ಕಳೆದುಕೊಳ್ಳುತ್ತಿರೋದು ಹೇಗೆ? ವಾಟ್ಸ್ಆ್ಯಪ್‌ನಲ್ಲಿ ಟ್ರಾಫಿಕ್ ದಂಡದ ಹೆಸರಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಬರುತ್ತದೆ. ಒತ್ತಿದರೆ ಎಸ್ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಮುಗೀತು, ಓಟಿಪಿಯೆಲ್ಲ ಅವರ ಕೈಗೆ. ಇನ್ನೊಂದು ಸ್ಕ್ರೀನ್ ಶೇರಿಂಗ್. ಎನಿಡೆಸ್ಕ್ ಹಾಕಿಸಿ ಖಾತೆ ಗುಡಿಸುತ್ತಾರೆ ಅಂತ ಆರ್‌ಬಿಐ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ‘ದುಡ್ಡು ಬರಬೇಕಾದರೆ ಪಿನ್ ಒತ್ತಿ’ ಅನ್ನೋ ಮೋಸವಂತೂ ಊರಿಗೆಲ್ಲ ಗೊತ್ತು. ಇದ್ಯಾವುದಕ್ಕೂ ರೂಟ್ ಬೇಕಿಲ್ಲ. ಅಂಗಡಿಯಿಂದ ತಂದ ಹೊಸ ಫೋನಿನಲ್ಲೇ ಆಗುತ್ತದೆ. ಅಷ್ಟಕ್ಕೂ ರೂಟ್ ಮಾಡಲು ಬರುವವನು ಗೊತ್ತಿಲ್ಲದ ಎಪಿಕೆ ಒತ್ತುವ ಸಾಧ್ಯತೆ ಕಡಿಮೆ.

ಗೇಟ್‌ಕೀಪರ್:
ಕೊನೆಯ ವಾಕ್ಯ ಒಪ್ಪಲ್ಲ. ರೂಟ್ ಮಾಡುವವರೇ ಗೊತ್ತಿಲ್ಲದ ಫೈಲ್‌ಗಳನ್ನು ಜಾಸ್ತಿ ಹಾಕಿಕೊಳ್ಳೋದು! ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಲಾಡ್ಜಿನ ಹಾಗೆ ಅದರದ್ದೇ ಕೋಣೆ, ಅದರದ್ದೇ ಬೀಗ. ರೂಟ್ ಅಂದರೆ ಎಲ್ಲ ಕೋಣೆಗೂ ಹೋಗುವ ಕೀಲಿ. ಅದು ನಿಮ್ಮ ಕೈಯಲ್ಲೇ ಇದ್ದರೆ ಸರಿ. ಆದರೆ ರೂಟ್ ಮುಚ್ಚಿಡಲು ಟೆಲಿಗ್ರಾಂ ಗುಂಪಿನಿಂದ ಯಾರೋ ಬರೆದ ಮಾಡ್ಯೂಲ್ ತಂದು, ಅದಕ್ಕೆ ಅದೇ ಕೀಲಿ ಕೊಡುತ್ತೀರಿ. ಯುಪಿಐ ಪಿನ್ ಒತ್ತುವ ಪುಟ ಆ್ಯಪಿನದ್ದಲ್ಲ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಲೈಬ್ರರಿಯದ್ದು (ಆ್ಯಪಿನೊಳಗೆ ಸೇರಿಸುವ ಕೋಡ್). ಆ್ಯಪಿಗೂ ಪಿನ್ ಕಾಣಬಾರದು ಅಂತಲೇ ಹಾಗೆ ಮಾಡಿದ್ದಾರೆ. ರೂಟ್ ಹಕ್ಕಿರುವ ಕೆಟ್ಟ ಮಾಡ್ಯೂಲ್ ಅದರೊಳಗೂ ಕೈ ಹಾಕಬಹುದು. ನನ್ನ ಭಯ ರೂಟ್‌ಗಿಂತ ಈ ಮುಚ್ಚಿಡುವ ಸಾಮಾನಿನ ಬಗ್ಗೆ.

ಅಂಗಡಿಅಣ್ಣ:
ಕ್ಯಾಶ್ ಕೊಡಿ ಸ್ವಾಮಿ, ತಲೆನೋವೇ ಇಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಜಿಎಸ್‌ಟಿ ನೋಟಿಸ್ ಬಂತು ಅಂತ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಬರೀ ಕ್ಯಾಶ್’ ಅಂತ ಚೀಟಿ ಅಂಟಿಸಿರಲಿಲ್ವಾ? ಆಗ ರೂಟ್ ಮಾಡಿದವರೂ ಮಾಡದವರೂ ಒಂದೇ ಕ್ಯೂನಲ್ಲಿ ಎಟಿಎಂ ಮುಂದೆ.

335ಇ:
ಅಣ್ಣಾ, ಆ ಚೀಟಿ ಎಷ್ಟು ದಿನ ಇತ್ತು ಹೇಳಿ. ನಿಮ್ಮ ಸೌಂಡ್‌ಬಾಕ್ಸ್ ಮತ್ತೆ ಕೂಗುತ್ತಿದೆಯಲ್ಲ.

ಅಂಗಡಿಅಣ್ಣ:
ಕೂಗುತ್ತೆ, ಕೂಗುತ್ತೆ. ಗಿರಾಕಿ ಬಿಡಕ್ಕಾಗುತ್ತಾ?

ನೆಕ್ಕರ್‌ತೀರ:
ಜರ್ಮನಿಯ ಸ್ಟಟ್‌ಗಾರ್ಟ್‌ನಿಂದ ಬರೆಯುತ್ತಿದ್ದೇನೆ. ಇಲ್ಲೂ ಬ್ಯಾಂಕ್ ಆ್ಯಪ್‌ಗಳು ರೂಟ್ ಆದ ಫೋನನ್ನು ಕಂಡರೆ ಮುಖ ತಿರುಗಿಸುತ್ತವೆ. ಆದರೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಕಾರ್ಡ್ ತಾಗಿಸಿದರೆ ಆಯಿತು, ಫೋನ್ ಬೇಡ. ಮನೆಯಿಂದ ಹಣ ಕಳಿಸಲು ಹಲವು ಬ್ಯಾಂಕುಗಳಲ್ಲಿ ಚಿಪ್‌ಟ್ಯಾನ್ ಅಂತ ಸಣ್ಣ ಯಂತ್ರ ಸಿಗುತ್ತದೆ. ಕಾರ್ಡ್ ಅದರೊಳಗೆ ತೂರಿಸಿದರೆ ಒಂದು ನಂಬರ್ ಬರುತ್ತದೆ. ಫೋನ್ ಏನು ಬೇಕಾದರೂ ಮಾಡಿಕೊಳ್ಳಿ, ಬ್ಯಾಂಕಿಗೆ ಚಿಂತೆಯಿಲ್ಲ. ಊರಿಗೆ ಬಂದಾಗಲೇ ನನಗೆ ಇಕ್ಕಟ್ಟು ಗೊತ್ತಾಗೋದು. ಎಳನೀರಿನವನ ಹತ್ತಿರ ಕ್ಯೂಆರ್ ಇರುತ್ತದೆ, ಕಾರ್ಡ್ ಯಂತ್ರ ಇರೋದಿಲ್ಲ.

ಕರ್ನಲ್‌ಪ್ಯಾನಿಕ್:
ಇದೇ ನಾನು ಹೇಳಬೇಕೆಂದಿದ್ದು. ಬೇರೆ ದಾರಿ ಇದ್ದರೆ ‘ರೂಟ್ ಮಾಡಿದರೆ ಆ್ಯಪ್ ಇಲ್ಲ’ ಅನ್ನೋದು ಬ್ಯಾಂಕಿನ ಇಷ್ಟ. ಬೇರೆ ದಾರಿ ಇಲ್ಲದಿದ್ದರೆ ಅದು ಬಲವಂತ.

ನಮ್ಮಲ್ಲಿ ಕೀಪ್ಯಾಡ್ ಫೋನಿನಿಂದಲೂ ದುಡ್ಡು ಕಳಿಸಬಹುದು. 2022ರ ಮಾರ್ಚ್‌ನಲ್ಲಿ ಆರ್‌ಬಿಐ ಯುಪಿಐ 123ಪೇ ತಂದಿತು. ಒಂದು ನಂಬರಿಗೆ ಕರೆ ಮಾಡಿ, ಗುಂಡಿ ಒತ್ತಿ, ಪಿನ್ ಹಾಕಿದರೆ ಆಯಿತು. ಅಲ್ಲಿ ಯಾವ ಇಂಟೆಗ್ರಿಟಿ? ಯಾವ ಚಿಪ್ಪಿನ ಸಹಿ? ಕೀಪ್ಯಾಡ್ ಫೋನನ್ನು ನಂಬುವವರು ನನ್ನ ಲೀನೇಜ್ ಫೋನನ್ನು ಯಾಕೆ ನಂಬಲ್ಲ?

ಗೇಟ್‌ಕೀಪರ್:
ಒಳ್ಳೆ ಪ್ರಶ್ನೆ. ಉತ್ತರ ಮಿತಿಯಲ್ಲಿದೆ. 123ಪೇನಲ್ಲಿ ಒಂದು ಸಲಕ್ಕೆ 10,000 ರೂಪಾಯಿಗಿಂತ ಜಾಸ್ತಿ ಹೋಗೋದಿಲ್ಲ. ಮೊದಲು 5,000 ಇತ್ತು. ಆ್ಯಪಿನಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ. ಅಪಾಯ ಒಪ್ಪಿಕೊಂಡಿದ್ದಾರೆ, ಆದರೆ ಅದಕ್ಕೊಂದು ಬೇಲಿ ಹಾಕಿದ್ದಾರೆ.

ಕರ್ನಲ್‌ಪ್ಯಾನಿಕ್:
ಸರಿ, ಹಾಗಾದರೆ ನನ್ನ ಫೋನಿಗೂ ಅದೇ ಬೇಲಿ ಹಾಕಲಿ. ‘ನಿಮ್ಮ ಫೋನಿನ ಗ್ಯಾರಂಟಿ ಸಿಗುತ್ತಿಲ್ಲ, ದಿನಕ್ಕೆ 2,000 ಮಾತ್ರ’ ಅನ್ನಲಿ. ಹಾಲು, ಬಸ್ಸು, ತರಕಾರಿಗೆ ಸಾಕು. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದರೆ ಮೊದಲ 24 ಗಂಟೆ 5,000 ಅಂತ ಮಿತಿ ಇಡಲು ಬರುತ್ತದಲ್ಲ, ಇದಕ್ಕೆ ಯಾಕೆ ಬರಲ್ಲ? ಇಲ್ಲಿ ಮಾತ್ರ ಪೂರ್ತಿ ಬಾಗಿಲು ಹಾಕೋದು ಯಾಕೆ?

ಗೇಟ್‌ಕೀಪರ್:
ತಂತ್ರಜ್ಞಾನದ ಅಡ್ಡಿ ಏನೂ ಇಲ್ಲ. ಕಾರಣ ಬೇರೆ. ಆರ್‌ಬಿಐನ 2021ರ ಡಿಜಿಟಲ್ ಪಾವತಿ ಸುರಕ್ಷತೆಯ ನಿರ್ದೇಶನದಲ್ಲಿ ಈ ವಿಷಯ ಇದೆ. ರೂಟ್ ಆದ ಫೋನನ್ನು ಗುರುತಿಸಿ ಆ್ಯಪ್ ತಡೆಯುವ ಸಾಧ್ಯತೆಯನ್ನು ಪರಿಶೀಲಿಸಬಹುದು ಅನ್ನೋ ಅರ್ಥದಲ್ಲಿದೆ. ಕಡ್ಡಾಯ ಅಂತ ಹೇಳಿಲ್ಲ. ಆದರೆ ಆಡಿಟ್‌ಗೆ ಬಂದವರು ಚೆಕ್‌ಲಿಸ್ಟ್ ಹಿಡಿದಿರುತ್ತಾರೆ. ‘ರೂಟ್ ತಡೆ ಇದೆಯಾ?’ ‘ಇದೆ’ ಅಂದರೆ ಟಿಕ್. ‘ಮಿತಿ ಇಟ್ಟು ಬಿಡುತ್ತೇವೆ’ ಅಂದರೆ ನೂರು ಪ್ರಶ್ನೆ. ರೂಟ್ ಮಾಡುವ ನಾಲ್ಕು ಜನರಿಗಾಗಿ ಯಾವ ಮ್ಯಾನೇಜರ್ ಆ ನೂರು ಪ್ರಶ್ನೆಗೆ ಉತ್ತರ ಬರೆಯುತ್ತಾನೆ?

ತುಂಗಾತೀರ:
ಅಬ್ಬಾ, ಕಡೆಗೂ ನಿಜವಾದ ಕಾರಣ ಹೊರಗೆ ಬಂತು. ಸುರಕ್ಷತೆ ಅಲ್ಲ, ಟಿಕ್!

335ಇ:
ನಗಬೇಡಿ, ಇನ್ನೊಂದು ಕಡೆಯೂ ನೋಡಿ. ರೂಟ್ ಮುಚ್ಚಿಟ್ಟು ಯುಪಿಐ ನಡೆಸುತ್ತಿದ್ದೀರಿ. ಒಂದು ದಿನ ಖಾತೆಯಿಂದ 60,000 ಹೋಯಿತು. ಬ್ಯಾಂಕಿಗೆ ಹೋದರೆ ಏನು ಹೇಳುತ್ತಾರೆ? ‘ನಿಮ್ಮದೇ ತಪ್ಪು’ ಅನ್ನುತ್ತಾರೆ.

ಕರ್ನಲ್‌ಪ್ಯಾನಿಕ್:
2017ರ ಜುಲೈನ ಆರ್‌ಬಿಐ ಸುತ್ತೋಲೆ ಓದಿ. ಬ್ಯಾಂಕಿನದ್ದೂ ಗ್ರಾಹಕನದ್ದೂ ತಪ್ಪಿಲ್ಲದೆ ಹಣ ಹೋದರೆ, ಬ್ಯಾಂಕಿನಿಂದ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಗ್ರಾಹಕನದ್ದೇ ಹೊಣೆ ಅಂತ ಸಾಬೀತು ಮಾಡಬೇಕಾದ ಭಾರವೂ ಬ್ಯಾಂಕಿನ ಮೇಲೆ.

335ಇ:
ಅದೇ ಸುತ್ತೋಲೆಯಲ್ಲಿ ಗ್ರಾಹಕನ ಅಜಾಗರೂಕತೆ ಇದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದ್ದೇ ಅಂತಲೂ ಇದೆ. ಆ್ಯಪ್ ‘ಬೇಡ’ ಅಂದಾಗ ಅದಕ್ಕೆ ಸುಳ್ಳು ಹೇಳಿ ಒಳಗೆ ಹೋದವರು ನೀವು. ಅಜಾಗರೂಕತೆ ಅಂತ ವಾದಿಸಲು ಬ್ಯಾಂಕಿನ ವಕೀಲರಿಗೆ ಇದಕ್ಕಿಂತ ಏನು ಬೇಕು? ಕಾನೂನು ಕೊನೆಗೆ ನಿಮ್ಮ ಕಡೆಗೇ ಇರಬಹುದು. ಅಲ್ಲಿಯವರೆಗೆ ಅಲೆಯೋದು ಯಾರು?

ಕರ್ನಲ್‌ಪ್ಯಾನಿಕ್:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅದಕ್ಕೇ ಸಂಬಳದ ಖಾತೆಯನ್ನು ನಾನು ರೂಟ್ ಫೋನಿಗೆ ಜೋಡಿಸಿಲ್ಲ.

ಹಳೇಫೋನು:
ನೀವೇ ಜೋಡಿಸಿಲ್ಲ ಅಂದರೆ ನನಗೆ ಉತ್ತರ ಸಿಕ್ಕ ಹಾಗೇ! ಆದರೂ ಜಾಹೀರಾತು, ಅಳಿಸಲಾಗದ ಆ್ಯಪ್‌ಗಳಿಗೆ ಏನು ಮಾಡಲಿ?

ತುಂಗಾತೀರ:
ಅದಕ್ಕೆ ರೂಟ್ ಬೇಡವೇ ಬೇಡ. ಫೋನಿನ ಡೆವಲಪರ್ ಆಯ್ಕೆಯಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕಂಪ್ಯೂಟರಿಗೆ ಜೋಡಿಸಿ. ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಅನ್ನೋ ಸಾಧನದ ಕಮಾಂಡಿನಿಂದ ಬೇಡದ ಆ್ಯಪ್‌ಗಳನ್ನು ನಿಮ್ಮ ಮಟ್ಟಿಗೆ ತೆಗೆಯಬಹುದು. ಫೈಲ್ ಸಿಸ್ಟಮ್‌ನಲ್ಲಿ ಉಳಿದಿರುತ್ತದೆ, ಕಾಣೋದಿಲ್ಲ, ಓಡೋದಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಮತ್ತೆ ಬರುತ್ತದೆ. ಜಾಹೀರಾತಿಗೆ ಆಂಡ್ರಾಯ್ಡ್ 9ರಿಂದಲೇ ಪ್ರೈವೇಟ್ ಡಿಎನ್ಎಸ್ ಅನ್ನೋ ಸೆಟ್ಟಿಂಗ್ ಇದೆ. ಅಲ್ಲಿ ಜಾಹೀರಾತು ತಡೆಯುವ ಆಡ್‌ಗಾರ್ಡ್‌ನ ವಿಳಾಸ ಹಾಕಿದರೆ ಆ್ಯಪ್‌ಗಳೊಳಗಿನ ಜಾಹೀರಾತು ಬಹಳ ಮಟ್ಟಿಗೆ ನಿಲ್ಲುತ್ತದೆ. ಯೂಟ್ಯೂಬಿನದ್ದು ನಿಲ್ಲೋದಿಲ್ಲ, ಅದು ವಿಡಿಯೊ ಬರುವ ಕಡೆಯಿಂದಲೇ ಬರುತ್ತದೆ. ಕೆಲಸ ಮುಗಿದ ಮೇಲೆ ಡೆವಲಪರ್ ಆಯ್ಕೆ ಆಫ್ ಮಾಡಿ. ಅದು ಆನ್ ಇದ್ದರೂ ಕೆಲವು ಬ್ಯಾಂಕ್ ಆ್ಯಪ್‌ಗಳು ಮುನಿಸಿಕೊಳ್ಳುತ್ತವೆ.

ಕರ್ನಲ್‌ಪ್ಯಾನಿಕ್:
ಪ್ಯಾಚ್ ಇಲ್ಲದ ಸಮಸ್ಯೆ ಹಾಗೇ ಉಳಿಯಿತಲ್ಲ. ಒಂದು ಕಾಲದಲ್ಲಿ ರೂಟ್ ಮಾಡಿಯೇ ಪಡೆಯಬೇಕಿದ್ದ ಅರ್ಧ ಸೌಲಭ್ಯ ಈಗ ಸುಮ್ನೆ ಸಿಗುತ್ತದೆ, ಒಪ್ಪಿದೆ. ಆದರೆ ಹಳೇ ಫೋನನ್ನು ಬದುಕಿಸಲು ಇರೋದು ಲೀನೇಜ್‌ನಂಥ ಕಸ್ಟಮ್ ರಾಮ್ ಒಂದೇ.

ಗೇಟ್‌ಕೀಪರ್:
ಪ್ಯಾಚಿನ ಸಮಸ್ಯೆ ಉಳಿಯುತ್ತದೆ, ನಿಜ. ಕ್ರೋಮ್ ಮತ್ತು ವೆಬ್‌ವ್ಯೂ (ಆ್ಯಪ್‌ಗಳೊಳಗೆ ವೆಬ್ ಪುಟ ತೋರಿಸುವ ಭಾಗ) ಪ್ಲೇ ಸ್ಟೋರಿನಿಂದ ಅಪ್‌ಡೇಟ್ ಆಗುತ್ತಿರುತ್ತವೆ, ಅಷ್ಟರ ಮಟ್ಟಿಗೆ ಪರವಾಗಿಲ್ಲ. ಆ ಫೋನಿನ ಯುಪಿಐಗೆ ಕಡಿಮೆ ಹಣ ಇರುವ ಬೇರೆ ಖಾತೆ ಜೋಡಿಸಿ. ಸಣ್ಣ ಖರ್ಚಿಗೆ ಯುಪಿಐ ಲೈಟ್ (ಮೊದಲೇ ಹಣ ತುಂಬಿಟ್ಟು ಪಿನ್ ಇಲ್ಲದೆ ಕೊಡುವ ವ್ಯವಸ್ಥೆ) ಇಟ್ಟುಕೊಳ್ಳಿ. ಅದರಲ್ಲಿ 5,000ಕ್ಕಿಂತ ಜಾಸ್ತಿ ತುಂಬಲು ಬರೋದಿಲ್ಲ. ಮುಂದೆ ಕೈಯಲ್ಲಿ ಹಣ ಆಡಿದಾಗ ಹೊಸ ಫೋನ್ ತಗೊಳ್ಳಿ, ಇದನ್ನು ಕರ್ನಲ್ ಅವರ ದಾರಿಗೆ ಬಿಡಿ. ಅನ್‌ಲಾಕ್ ಮಾಡಿದರೆ ಡೇಟಾ ಪೂರ್ತಿ ಅಳಿಸಿಹೋಗುತ್ತದೆ, ಫೋಟೊ ಮೊದಲೇ ತೆಗೆದಿಡಿ. ಸ್ಯಾಮ್‌ಸಂಗ್ ಆಗಿದ್ದರೆ ನಾಕ್ಸ್ ಫ್ಯೂಸ್ (ಬೇರೆ ಸಾಫ್ಟ್‌ವೇರ್ ಹಾಕಿದ್ದಕ್ಕೆ ಕಾಯಂ ಗುರುತು ಇಡುವ ಭಾಗ) ಒಮ್ಮೆ ಹೋದರೆ ಹೋಯಿತು. ಆಮೇಲೆ ಹಳೇ ಸಾಫ್ಟ್‌ವೇರ್ ಹಾಕಿದರೂ ಸೆಕ್ಯೂರ್ ಫೋಲ್ಡರ್ ವಾಪಸ್ ಬರೋದಿಲ್ಲ.

ಹಳೇಫೋನು:
ಸ್ಯಾಮ್‌ಸಂಗ್ ಅಲ್ಲ. ಸದ್ಯಕ್ಕೆ ಎಡಿಬಿ, ಡಿಎನ್ಎಸ್ ಮಾಡುತ್ತೇನೆ. ಖಾತೆ ಬದಲಾಯಿಸುವುದೂ ಒಳ್ಳೆ ಐಡಿಯಾ, ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿ ಸುಮ್ನೆ ಬಿದ್ದಿರೋ ಒಂದು ಖಾತೆ ಇದೆ. ತೆಗೆಯಬೇಕಾದ ಆ್ಯಪ್‌ಗಳ ಪಟ್ಟಿ ಸಂಜೆ ಹಾಕುತ್ತೇನೆ.

ಕರ್ನಲ್‌ಪ್ಯಾನಿಕ್:
ಮೊದಲು ಪಟ್ಟಿ ಹಾಕಿ, ಆಮೇಲೆ ತೆಗೆಯಿರಿ. ಕೆಲವು ಸಿಸ್ಟಮ್ ಆ್ಯಪ್‌ಗಳ ಹೆಸರು ನೋಡಿದರೆ ಕಸ ಅನ್ನಿಸುತ್ತದೆ, ತೆಗೆದರೆ ಫೋನ್ ಲೋಗೋದಲ್ಲೇ ಸುತ್ತುತ್ತಾ ನಿಲ್ಲುತ್ತದೆ. ಮಾಡೆಲ್ ನಂಬರ್ ಕೂಡ ಬರೆಯಿರಿ, ಲೀನೇಜ್ ಈಗಲೂ ಆ ಫೋನಿಗೆ ಬರುತ್ತಿದೆಯಾ ನೋಡಿ ಹೇಳುತ್ತೇನೆ.