ಗುಡ್ಡ ಬೇರೆ, ಕಾಡು ಬೇರೆ

(ಚಿತ್ರದುರ್ಗದ ನಮ್ಮ ಮನೆ ಗುಂಪಿನಲ್ಲಿ ಭಾನುವಾರ ನಡೆದ ಜಟಾಪಟಿ. ಮಂಜ ಒಂದು ನಕ್ಷೆ ಫಾರ್ವರ್ಡ್ ಮಾಡಿದ್ದೇ ಶುರು.)

ಮಂಜು: ಎಲ್ಲರೂ ನೋಡಿ. ಗುಡ್ಡ, ಕಾಡು ಇರುವ ಕಡೆಯೇ ಯುದ್ಧ ಜಾಸ್ತಿಯಂತೆ. ನಮ್ಮ ದುರ್ಗವೇ ಸಾಕ್ಷಿ ಅಲ್ವಾ?

ಸುಮಕ್ಕ: ಹಾಗಾದರೆ ಸ್ವಿಟ್ಜರ್ಲೆಂಡಿನಲ್ಲಿ ದಿನಾ ಹೊಡೆದಾಟ ಇರಬೇಕಿತ್ತು.

ಮಂಜು: ಸುಮ್ನೆ ಹೇಳಿದ್ದಲ್ಲ ಅಕ್ಕ. ಫಿಯರನ್, ಲೇಟಿನ್ ಅಂತ ಇಬ್ಬರು ರಾಜ್ಯಶಾಸ್ತ್ರದ ಪಂಡಿತರು 1945ರಿಂದ 1999ರವರೆಗಿನ ಅಂತರ್ಯುದ್ಧಗಳನ್ನು ಲೆಕ್ಕ ಹಾಕಿ 2003ರಲ್ಲಿ ಬರೆದಿದ್ದಾರೆ. ಅದರಲ್ಲೂ ಗುಡ್ಡಗಾಡಿನ ಮಾತಿದೆ.

ಸುಮಕ್ಕ: ಬಡತನದ ಮಾತೂ ಇದೆ, ಕೈಲಾಗದ ಸರ್ಕಾರದ ಮಾತೂ ಇದೆ. ಗುಡ್ಡ ಒಂದನ್ನೇ ಹಿಡಿದುಕೊಂಡೆಯಲ್ಲೋ!

ದೊಡ್ಡಪ್ಪ: ಇಬ್ಬರೂ ಸ್ವಲ್ಪ ತಡೀರಿ. ಗುಡ್ಡದ ಮೇಲಿರುವವನಿಗೆ ಎಲ್ಲಾ ಕಾಣುತ್ತದೆ. ಕಾಡಿನೊಳಗಿರುವವನು ಯಾರಿಗೂ ಕಾಣುವುದಿಲ್ಲ. ನಕ್ಷೆಯಲ್ಲಿ ಎರಡನ್ನೂ ಒಂದೇ ಬಣ್ಣದಲ್ಲಿ ಬಳಿದರೆ ಹೇಗೆ? ಕಾರ್ಗಿಲ್‌ನಲ್ಲಿ ಬೋಳು ಬಂಡೆ, ಅಡಗಲು ಒಂದು ಪೊದೆ ಇಲ್ಲ. ಮೇಲೆ ಕೂತ ಪಾಕಿಸ್ತಾನದವರಿಗೆ ಶ್ರೀನಗರ-ಲೇಹ್ ರಸ್ತೆ ಕಣ್ಣೆದುರೇ ಇತ್ತು. ನಮ್ಮವರು ಅಲ್ಲಿನ ತೋಲೋಲಿಂಗ್ ಶಿಖರ ಹತ್ತಿದ್ದು ರಾತ್ರಿ ಹೊತ್ತು.

ಚಿಕ್ಕಪ್ಪ: ವಿಯೆಟ್ನಾಂನಲ್ಲಿ ಉಲ್ಟಾ. ಮರದ ಎಲೆ ಉದುರಿಸಲಿಕ್ಕೇ ಅಮೆರಿಕದವರು 1962ರಿಂದ 1971ರವರೆಗೆ ವಿಮಾನದಿಂದ ಔಷಧಿ ಹೊಡೆದರು. 7 ಕೋಟಿ ಲೀಟರಿಗೂ ಜಾಸ್ತಿ! ನಾವು ಈರುಳ್ಳಿಗೆ ಎರಡು ಟ್ಯಾಂಕ್ ಹೊಡೆಯುವಷ್ಟರಲ್ಲಿ ಬೆನ್ನು ಬಿದ್ದು ಹೋಗುತ್ತದೆ.

ಸುಮಕ್ಕ: ಉಕ್ರೇನ್‌ನಲ್ಲಿ ಯುದ್ಧದ ಕಡೆ ಬಹುಪಾಲು ಬಯಲು, ಕಾಡೂ ಕಮ್ಮಿ. ಹೊಲದ ಅಂಚಿನಲ್ಲಿ ಗಾಳಿ ತಡೆಯಲು ನೆಟ್ಟ ಮರಗಳ ಬುಡದಲ್ಲೇ ಕಂದಕ. ಎಲೆ ಉದುರಿತೋ, ಡ್ರೋನ್ ಕಣ್ಣಿಗೆ ಬಿದ್ದ ಹಾಗೆ.

ದೊಡ್ಡಪ್ಪ: ದುರ್ಗದ ವಿಷಯಕ್ಕೆ ಬನ್ನಿ. ಹೈದರಾಲಿ ಮತ್ತೆ ಮತ್ತೆ ಬಂದ, ಕೋಟೆ ಸಿಕ್ಕಿದ್ದು 1779ರಲ್ಲಿ. ಏಳು ಸುತ್ತು ಅಂತ ಎಲ್ಲರೂ ಹಾಡಿ ಹೊಗಳುತ್ತಾರೆ, ಹೊಂಡಗಳ ಸುದ್ದಿ ಯಾರೂ ಎತ್ತುವುದಿಲ್ಲ. ಬಂಡೆ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ನೀರಿಲ್ಲದ ಗುಡ್ಡದ ಮೇಲೆ ತಿಂಗಳುಗಟ್ಟಲೆ ಯಾರು ಕೂರುತ್ತಾರಪ್ಪಾ?

ಮಂಜು: ಓಬವ್ವನ ಕಿಂಡಿ ಮಾತ್ರ ಬಂಡೆಯ ಕೊಡುಗೆ ತಾನೇ ದೊಡ್ಡಪ್ಪ? ಒಬ್ಬೊಬ್ಬರೇ ತಲೆ ತೂರಿಸಬೇಕು, ಅದಕ್ಕೇ ಒಂದು ಒನಕೆ ಸಾಕಾಯಿತು.

ಸುಮಕ್ಕ: ಕಿಂಡಿ ಇದೆ ಅಂತ ಹೈದರಾಲಿ ದಂಡು ಕಟ್ಟಿಕೊಂಡು ಬಂದನೇನೋ? ಅವನಿಗೆ ಬೇಕಿದ್ದದ್ದು ರಾಜ್ಯ. ಗುಡ್ಡ ಜಗಳ ಹಚ್ಚಲಿಲ್ಲ, ಜಗಳ ಎಳೆಯುವ ಹಾಗೆ ಮಾಡಿತು. ನಿನ್ನ ನಕ್ಷೆಯಲ್ಲಿ ಅದೆಲ್ಲಿದೆ?

ಮಂಜು: ಅದು ಒಪ್ಪಿದೆ ಅಕ್ಕ. ನಕ್ಷೆ ಮಾತ್ರ ಅಳಿಸಲ್ಲ.

ಚಿಕ್ಕಪ್ಪ: ಕಿಂಡಿ ಸುದ್ದಿ ತೆಗೆಯಬೇಡ್ರಪ್ಪಾ. ಹೋದ ಸಲ ಅಡ್ಡಡ್ಡ ತಿರುಗಿ ನುಸುಳಿದ್ದಕ್ಕೆ ಅಂಗಿಯ ಎರಡು ಗುಂಡಿ ಅಲ್ಲೇ ಉಳಿದವು.