‘ಲೇಜಿ ಲೋಡಿಂಗ್’ಗೆ ‘ಸೋಮಾರಿ’ ಬೇಡ, ಮತ್ತೇನು ಅನ್ನೋಣ?

ಗೆಳೆಯರಿಗೆ ನಮಸ್ಕಾರ.

ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್‌ಗಳಿಗಾಗಿ ಮಾಡುತ್ತಿರುವ ಒಂದು ಪುಟವಿನ್ಯಾಸದ ಆ್ಯಪ್‌ಗೆ ಕನ್ನಡದಲ್ಲಿ ಮೆನು ಮತ್ತು ಸಹಾಯ ಪುಟ ಬರೆಯುತ್ತಿದ್ದೇನೆ. ಎರಡು ಕಡೆ ನಿಮ್ಮ ಸಲಹೆ ಬೇಕು.

ಮೊದಲನೆಯದು ಲೇಜಿ ಲೋಡಿಂಗ್, ಅಂದರೆ ಎಲ್ಲವನ್ನೂ ಒಮ್ಮೆಗೇ ತರದೆ, ಬೇಕಾದದ್ದನ್ನು ಬೇಕಾದಾಗ ಮಾತ್ರ ತರುವುದು. ‘ಸೋಮಾರಿ ಲೋಡಿಂಗ್’ ಅಂದರೆ ಆ್ಯಪ್ ನಿಧಾನ ಅಂತಲೇ ಅನಿಸುತ್ತದೆ. ನಿಜಕ್ಕೂ ಅದು ಫೈಲ್ ಬೇಗ ತೆರೆಯಲಿ ಅಂತ ಮಾಡಿದ ಏರ್ಪಾಡು. ಚಿತ್ರ ತುಂಬಿದ ದೊಡ್ಡ ಫೈಲ್ ತೆರೆದಾಗ ಆ್ಯಪ್ ಮೊದಲು ಒಳಗೆ ಏನೇನಿದೆ ಎಂಬ ಪಟ್ಟಿಯನ್ನಷ್ಟೇ ಓದುತ್ತದೆ. ಕಣ್ಣಮುಂದಿನ ಪುಟ ಬರುತ್ತದೆ, ಉಳಿದದ್ದು ಡಿಸ್ಕ್‌ನಲ್ಲೇ ಇರುತ್ತದೆ. ವರ್ಡ್‌ನ ಡಾಕ್ಸ್ (.docx), ಲಿಬ್ರೆಆಫೀಸ್‌ನ ಓಡಿಟಿ (.odt) ಫೈಲುಗಳು ಒಳಗೆ ಜಿಪ್ ಕಟ್ಟುಗಳೇ, ಅಂದರೆ ಹಲವು ಫೈಲುಗಳನ್ನು ಒತ್ತಿ ಒಂದಾಗಿ ಕಟ್ಟಿದವೇ ಅಲ್ವಾ? ಜಿಪ್‌ನ ಪಟ್ಟಿ ಕೊನೆಯಲ್ಲಿರುತ್ತದೆ. ಅದನ್ನು ನೋಡಿಕೊಂಡು ಒಂದೇ ಚಿತ್ರವನ್ನು ಹೊರತೆಗೆಯಬಹುದು, ಇಡೀ ಕಟ್ಟು ಬಿಚ್ಚಬೇಕಿಲ್ಲ.

ತೊಡಕು ಇರುವುದು ‘ತೆರೆ’ ಎಂಬ ಮಾತಿನಲ್ಲಿ. ಫೈಲ್ ತೆರೆಯಿತು ಅಂದರೆ ಎಲ್ಲಾ ಒಳಗೆ ಬಂತು ಅಂತ ಜನ ತಿಳಿಯುತ್ತಾರೆ. ಬೆಟಗೇರಿಯ ಒಬ್ಬ ಆಪರೇಟರ್ ಹೇಳಿದ್ದು ಕೇಳಿ: “ಓಪನ್ ಆಗೇತಲ್ಲಾ ಅಂತ ಪೆನ್ ಡ್ರೈವ್ ತಗದೆ. ಈಗ ಮುಂದಿನ ಪೇಜ್ ಎಲ್ಲಾ ಬೆಳ್ಳಗ ಅದಾವ್ರಿ.” ಅವರ ತಪ್ಪೇನೂ ಇಲ್ಲ. ಪುಟಗಳು ಇನ್ನೂ ಪೆನ್ ಡ್ರೈವ್‌ನಲ್ಲೇ ಇವೆ ಅಂತ ಪರದೆ ಹೇಳಲೇ ಇಲ್ಲ.

ಹಾಗಾಗಿ ನನ್ನ ಒಲವು ‘ಬೇಕಾದಾಗ ತರಿಸಿಕೊಳ್ಳು’ ಕಡೆಗೆ. ‘ತುಂಬಿಕೊಳ್ಳು’ ಕೂಡ ನೋಡಿದೆ. ಅದರಲ್ಲಿ ಎಲ್ಲಿಂದ ಅನ್ನುವುದು ಕಾಣುವುದಿಲ್ಲ. ‘ತರಿಸಿಕೊಳ್ಳು’ ಅಂದ ಕೂಡಲೇ ವಸ್ತು ಬೇರೆ ಕಡೆ ಇದೆ, ಕೇಳಿದರೆ ಬರುತ್ತದೆ ಅಂತ ಗೊತ್ತಾಗುತ್ತದೆ. ಡೌನ್‌ಲೋಡ್‌ಗೆ ‘ಇಳಿಸಿಕೊಳ್ಳು’ ಬಳಕೆಗೆ ಬಂದಿರುವುದರಿಂದ ಇದು ಕಿವಿಗೂ ಹೊಸದಲ್ಲ. ಹಿನ್ನೆಲೆಯಲ್ಲಿ ತಾನಾಗಿ ಲೋಡ್ ಆಗುವುದು ಬೇರೆ ಸಂಗತಿ. ಎರಡಕ್ಕೂ ಒಂದೇ ಪದ ಸಲ್ಲದು.

ಇದೇ ಮಾತು ಸೇವ್ ಮಾಡುವಾಗಲೂ ಬೇಕಾಗುತ್ತದೆ. ಒಳ್ಳೆಯ ಆ್ಯಪ್ ಹಳೆಯ ಫೈಲ್ ಮೇಲೆ ನೇರವಾಗಿ ಬರೆಯುವುದಿಲ್ಲ. ಪಕ್ಕದಲ್ಲಿ ಹೊಸ ಫೈಲ್ ಬರೆದು, ಪೂರ್ತಿಯಾದ ಮೇಲೆ ಹಳೆಯದರ ಹೆಸರು ಕೊಡುತ್ತದೆ. ನಡುವೆ ಕರೆಂಟ್ ಹೋದರೂ ಹಳೆಯದು ಹಾಗೇ ಇರುತ್ತದೆ. ಆದರೆ ಇನ್ನೂ ತರಿಸಿಕೊಳ್ಳದ ಪುಟಗಳು ಇರುವುದು ಆ ಹಳೆಯ ಫೈಲ್‌ನಲ್ಲೇ! ಅವನ್ನು ಹೊಸದಕ್ಕೆ ನಕಲಿಸದೆ ಹಳೆಯದನ್ನು ತೆಗೆದರೆ ಕೆಲಸ ಮಣ್ಣುಪಾಲು. ಲಿನಕ್ಸ್‌ನಲ್ಲಿ ಹೆಸರು ಬದಲಾದರೂ, ಮೊದಲೇ ತೆರೆದಿಟ್ಟ ಹಳೆಯ ಫೈಲನ್ನು ಮುಚ್ಚುವ ತನಕ ಓದಬಹುದು. ವಿಂಡೋಸ್‌ನಲ್ಲಿ ತೆರೆದಿರುವ ಫೈಲ್ ಸಾಮಾನ್ಯವಾಗಿ ಬದಲಿಸಲು ಬಿಡುವುದೇ ಇಲ್ಲ. ಈ ಇಡೀ ಕ್ರಮಕ್ಕೆ ‘ಬರೆದು ಬದಲಿಸು’ ಅಂತ ಇಟ್ಟಿದ್ದೇನೆ.

ಎರಡನೆಯದು ‘ಸೇವ್ ಆ್ಯಸ್’. ಸೇವ್‌ಗೆ ‘ಉಳಿಸು’ ನೆಲೆ ನಿಂತಿದೆ, ಅದು ಇರಲಿ. ‘ಇದರಂತೆ ಉಳಿಸು’ ಮಾತ್ರ ಸುಮ್ನೆ ಪದಕ್ಕೆ ಪದ ಇಟ್ಟ ಹಾಗಿದೆ. ‘ಬೇರೆ ಹೆಸರಿನಲ್ಲಿ ಉಳಿಸು’ ಅಂದರೆ ಯಾರಿಗೂ ತಿಳಿಯುತ್ತದೆ. ಆಪಲ್ ತನ್ನ ಮ್ಯಾಕ್ ಕಂಪ್ಯೂಟರ್‌ಗಳ 2011ರ ಆವೃತ್ತಿ ಲಯನ್‌ನಲ್ಲಿ ಈ ಆಯ್ಕೆಯನ್ನು ತೆಗೆದು ನಕಲು ಮಾಡುವ ಆಯ್ಕೆ ಕೊಟ್ಟಿತು. 2012ರ ಮೌಂಟನ್ ಲಯನ್‌ನಲ್ಲಿ ಆಪ್ಶನ್ ಕೀಲಿ ಒತ್ತಿದರೆ ಸಿಗುವಂತೆ ಮತ್ತೆ ತಂದಿತು. ಬೇರೆ ಹೆಸರಿನಲ್ಲಿ ಉಳಿಸುವುದು, ನಕಲು ಮಾಡುವುದು ಎರಡೂ ಒಂದೇ ಅಲ್ಲ, ಆದ್ದರಿಂದ ‘ನಕಲು ಮಾಡು’ ಎಂಬುದನ್ನು ಬೇರೆಯಾಗಿಯೇ ಇಡಬೇಕು.

ಪೆನ್ ಡ್ರೈವ್‌ನಿಂದ ತೆರೆದವರಿಗೆ ಈ ಸಾಲು ತೋರಿಸಬೇಕೆಂದಿದ್ದೇನೆ: “ಕೆಲವು ಪುಟಗಳು ಇನ್ನೂ ಪೆನ್ ಡ್ರೈವ್‌ನಲ್ಲೇ ಇವೆ. ತೆಗೆಯುವ ಮೊದಲು ಎಲ್ಲವನ್ನೂ ತರಿಸಿಕೊಳ್ಳಿ.” ಧಾರವಾಡ, ಹಾವೇರಿ ಕಡೆಯ ಡಿಟಿಪಿಯವರು ಇಲ್ಲಿದ್ದರೆ ಹೇಳಿ: ‘ತರಿಸಿಕೊಳ್ಳಿ’ ಅಂದರೆ ಯಾವ ಬಟನ್ ಒತ್ತಬೇಕು ಅಂತ ನಿಮಗೆ ಹೊಳೆಯುತ್ತದಾ, ಇಲ್ಲಾ ‘ಪೂರ್ತಿ ಲೋಡ್ ಮಾಡಿ’ ಅಂತಲೇ ಬರೆಯಲಾ?