ಕಲ್ಲಿರುವ ಇಳಿಜಾರಿನಲ್ಲಿ ಪೌಡರ್ ಸ್ಕೀ ತಾಳುತ್ತಾ?

ಪೆರ್ಲದವ:
ಡಿಸೆಂಬರ್ ಕೊನೆಗೆ ಗುಲ್ಮಾರ್ಗ್‌ಗೆ ಹೊರಟಿದ್ದೇನೆ. ಕಾಸರಗೋಡಿನವನಿಗೆ ಹಿಮ ಅಂದ್ರೆ ಫ್ರಿಜ್ಜಿನೊಳಗಿದ್ದದ್ದೇ, ನಗಬೇಡಿ. ನಡು 112 ಮಿಲಿಮೀಟರ್ ಅಗಲದ ಹಳೇ ಪೌಡರ್ ಸ್ಕೀ (ಮೆತ್ತನೆಯ ಹೊಸ ಹಿಮಕ್ಕೆಂದೇ ಮಾಡಿದ್ದು) ಅಗ್ಗಕ್ಕೆ ಸಿಗ್ತಾ ಇದೆ. ಆಗ ಅಲ್ಲಿನ ಅಫರ್ವಟ್ ಬೆಟ್ಟದ ಮೇಲೆ ಕಲ್ಲು ಪೂರ್ತಿ ಮುಚ್ಚಿರಲ್ಲ ಅಂತಾರೆ. ತಗೊಳ್ಳಲಾ?

ಕುಂಬಳೆ ಅಣ್ಣ:
ಮನಾಲಿ ಹತ್ತಿರದ ಸೋಲಂಗ್‌ನಲ್ಲಿ ಸ್ಕೀ ರಿಪೇರಿ ಮಾಡುತ್ತಿದ್ದವನು ನಾನು. ಅಗಲ ಇದ್ದರೆ ಹೊಸ ಹಿಮದಲ್ಲಿ ತೇಲುತ್ತದೆ, ಅಷ್ಟೇ ಮಾರಾಯಾ. ಕಲ್ಲಿಗೆ ತಾಗುವ ಜಾಗವೂ ಜಾಸ್ತಿ ಅಲ್ವಾ? ಒಳಗೆ ಪೌಲೋನಿಯಾ ಅನ್ನೋ ಹಗುರ ಮರ ಇರುವ ಸ್ಕೀ, ತೆಳು ಅಂಚು ಆದರೆ ಬಿಟ್ಟುಬಿಡಿ.

ತಳದಲ್ಲಿ ಗೀರು ಬಿದ್ದರೆ ತೊಂದರೆ ಇಲ್ಲ. ಪಿ-ಟೆಕ್ಸ್ ಕಡ್ಡಿ (ತಳಕ್ಕೆ ಬಳಸುವಂಥದ್ದೇ ಪ್ಲಾಸ್ಟಿಕ್) ಉರಿಸಿ ಹನಿ ಹನಿಯಾಗಿ ತುಂಬಿ, ತಣಿದ ಮೇಲೆ ಕೆರೆದರೆ ಆಯ್ತು. ಮಸಿ ಬೀಳದಂತೆ ಜ್ವಾಲೆ ಚಿಕ್ಕದಾಗಿ, ನೀಲಿಯಾಗಿ ಇರಲಿ. ಗೀರು ಒಳಗಿನ ಮರದವರೆಗೆ ಇಳಿದರೆ ಮಾತ್ರ ಕಥೆ ಬೇರೆ. ನೀರು ಹೋಗಿ ಮರ ಉಬ್ಬುತ್ತದೆ. ಉಕ್ಕಿನ ಅಂಚಿನ ಪಕ್ಕದಲ್ಲಿ ಪಿ-ಟೆಕ್ಸ್ ಸರಿಯಾಗಿ ಹಿಡಿಯಲ್ಲ. ಅಲ್ಲಿ ತಳದ ತುಂಡು ಕತ್ತರಿಸಿ, ಹೊಸದನ್ನು ಎಪಾಕ್ಸಿಯಲ್ಲಿ ಅಂಟಿಸಬೇಕು.

ಕೊಳ್ಳುವ ಮೊದಲು ಅಂಚಿನುದ್ದಕ್ಕೂ ಉಗುರು ಎಳೆದು ನೋಡಿ. ಸಿಕ್ಕಿಕೊಂಡರೆ ಬೇಡ.

ಮಂಜೇಶ್ವರದವಳು:
ಮೊದಲ ಸಲಕ್ಕೆ ಸುಮ್ನೆ ಖರ್ಚು ಯಾಕೆ? ಅಲ್ಲೇ ಬಾಡಿಗೆಗೆ ಸಿಗುತ್ತೆ. ಕಲಿಯೋರಿಗೆ ಅಷ್ಟು ಅಗಲದ್ದು ತಿರುಗಿಸೋದೇ ಕಷ್ಟ.

ಪೆರ್ಲದವ:
ಫೋಟೋ ತರಿಸಿದೆ. ಎಡಗಾಲಿನದ್ದರಲ್ಲಿ ಅಂಚಿನ ಪಕ್ಕ ತುಕ್ಕಿನ ಗೆರೆ ಇದೆ. ಬಾಡಿಗೆಯೇ ಸರಿ ಅಕ್ಕಾ.